ತಮ್ಮ ಹೇಳಿದ ಸಾಲು, ನಾನು ಬರೆದ ಸಾಲು

ನನ್ನ ತಮ್ಮ ಹೇಳಿದ್ದನ್ನು ನಾನು ಬರೆಯಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅವನ ಪಕ್ಕದಲ್ಲೇ ಕುಳಿತು, ಅವನ ಬಾಯಿಂದ ಬಂದ ಉತ್ತರವನ್ನು ಬಿಟ್ಟು, ನನ್ನ ತಲೆಯಲ್ಲಿದ್ದ ಉತ್ತರವನ್ನು ಬರೆದೆ. ಅವನಿಗೆ ಕಣ್ಣು ಕಾಣುವುದಿಲ್ಲ. ಪೆನ್ನು ಓಡುವ ಸಪ್ಪಳ ಕೇಳಿಸುತ್ತಿತ್ತು — ಅದನ್ನೇ ಅವನು ನಂಬಿದ.

ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಬರೆದದ್ದಕ್ಕಿಂತ ಮುಚ್ಚಿಟ್ಟದ್ದು ದೊಡ್ಡ ತಪ್ಪು. ಅದನ್ನೂ ಇಲ್ಲಿ ಹೇಳುತ್ತೇನೆ. ನಾನು ಹತ್ತನೆಯ ತರಗತಿಯ ಗಣಿತದಲ್ಲಿ ಫೇಲಾದವಳು. ಹೀಗೆ ಕುಳಿತು ಬರೆದು ರೂಢಿಯಿಲ್ಲ. ಆದರೆ ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು — ಒಂದು ಸಾಲನ್ನೂ ಬದಲಿಸಬಾರದು.

ತಮ್ಮನ ಹೆಸರು ಪಂಪಾಪತಿ. ನನಗಿಂತ ಐದು ವರ್ಷ ಚಿಕ್ಕವನು. ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಅಪ್ಪ ಸಂಡೂರಿನ ಕಡೆಯಿಂದ ಅದಿರು ಸಾಗಿಸುವ ಲಾರಿಯ ಡ್ರೈವರ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವ್ವ ಕಮಲಾಪುರದ ಬಾಳೆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಪಂಪನ ಪುಸ್ತಕಗಳನ್ನೆಲ್ಲ ಅವನಿಗೆ ಓದಿ ಹೇಳಿದವಳು ನಾನು. ನಾನು ಓದುವುದು, ಅವನು ಕೇಳುವುದು — ನಾವು ಅಕ್ಕ ತಮ್ಮ ಅನ್ನುವುದು ಹೆಚ್ಚಾಗಿ ಇದೇ ಆಗಿತ್ತು. ಒಂದು ಸಲ ಓದಿದರೆ ಸಾಕು, ಅವನಿಗೆ ಬಾಯಿಪಾಠ. ನನಗೆ ಓದುತ್ತಿದ್ದದ್ದು ಅರ್ಥವಾಗುತ್ತಿತ್ತು ಎಂದೇನಲ್ಲ. ಬಾಯಿ ಓದುತ್ತಿತ್ತು, ಅಷ್ಟೆ.

ನಾನು ಫೇಲಾದಾಗ ಮತ್ತೆ ಪರೀಕ್ಷೆ ಕಟ್ಟುವ ಮಾತು ಮನೆಯಲ್ಲಿ ಬರಲಿಲ್ಲ. ಹೊಸಪೇಟೆಯ ಪೇಟೆಯಲ್ಲಿ ಒಂದು ಬಳೆ ಅಂಗಡಿಗೆ ಕೆಲಸಕ್ಕೆ ಸೇರಿದೆ. ಪಂಪ ಪಿಯುಸಿ ಮುಗಿಸಿ, ಯಾರು ಬೇಡವೆಂದರೂ ಕೇಳದೆ, ಬಿ.ಸಿ.ಎ.ಗೆ ಸೇರಿದ. ಕಂಪ್ಯೂಟರು ಪರದೆಯ ಮೇಲಿದ್ದದ್ದನ್ನು ಓದಿ ಹೇಳುತ್ತದಂತೆ, ತಾನು ಕೇಳಿಕೊಂಡೇ ಪ್ರೋಗ್ರಾಂ ಬರೆಯಬಹುದಂತೆ. ಅವನು ಅದನ್ನು ಹೇಳುವಾಗ ಅವ್ವ ಅವನ ಮುಖವನ್ನೇ ನೋಡುತ್ತಾ ಕೂರುತ್ತಿದ್ದಳು. ಅವನಿಗೆ ಅದು ಬಂತು ಕೂಡ. ಮೇಷ್ಟ್ರುಗಳು ಅವನನ್ನು ಮೆಚ್ಚಿಕೊಂಡರು.

ಆದರೆ ಪರೀಕ್ಷೆ ಕಾಗದದ ಮೇಲೆ. ಕಾಣದವರಿಗೆ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಬರೆಯಲು ಒಬ್ಬರು ಬೇಕು. ಅದಕ್ಕೊಂದು ನಿಯಮ — ಬರೆಯುವವರು ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿರಬೇಕು, ಆ ವಿಷಯ ಗೊತ್ತಿರಬಾರದು. ಗೊತ್ತಿದ್ದರೆ ತಾವೇ ಉತ್ತರ ಹೇಳಿಕೊಡಬಹುದಲ್ಲ. ಮನೆಯವರು ಬರೆಯಬಹುದೋ ಇಲ್ಲವೋ ಎಂದು ಸ್ವಲ್ಪ ಚರ್ಚೆಯಾಯಿತು. ಬೇರೆ ಯಾರೂ ಸಿಗದೆ ಕೊನೆಗೆ ನನ್ನನ್ನೇ ಒಪ್ಪಿಕೊಂಡರು.

ಕಾಲೇಜಿನ ಆಫೀಸಿನಲ್ಲಿ ಓದಿನ ದಾಖಲೆ ಕೇಳಿದರು. ನನ್ನ ಹತ್ತಿರ ಇದ್ದದ್ದು ಹತ್ತನೆಯ ತರಗತಿಯ ಫೇಲಾದ ಅಂಕಪಟ್ಟಿ ಒಂದೇ. ಅದರ ಜೆರಾಕ್ಸ್ ಕೊಟ್ಟೆ. ಅಲ್ಲಿದ್ದ ಗುಮಾಸ್ತರು ಅದನ್ನು ನೋಡಿ ನಕ್ಕರು. ಕೆಟ್ಟ ಮನುಷ್ಯರೇನಲ್ಲ, ವಯಸ್ಸಾದವರು.

“ಫೇಲಾಗಿದ್ದು ಇವತ್ತು ಕೆಲಸಕ್ಕ ಬಂತು ನೋಡವ್ವಾ. ಪಾಸಾಗಿ ಮುಂದ ಓದಿದ್ರ ನಿನ್ನ ತಗೋತಿದ್ದಿಲ್ಲ ನಾವು.”

ಪಂಪನೂ ನಕ್ಕ. ಹೊರಗೆ ಬಂದ ಮೇಲೆ ಅವನ ಗೆಳೆಯನಿಗೆ ಅದನ್ನೇ ಹೇಳಿದ: “ನಮ್ಮಕ್ಕ ಫೇಲಾಗಿದ್ದಕ್ಕ ನಾ ಪರೀಕ್ಷಿಗೆ ಕುಂದರಾಕತ್ತೀನಿ ಲೇ.” ಪ್ರೀತಿಯಿಂದಲೇ ಹೇಳಿದ, ನನ್ನ ಹೆಗಲ ಮೇಲೆ ಕೈ ಇತ್ತು. ನಾನೂ ನಕ್ಕೆ. ‘ನನಗೆ ಈ ವಿಷಯದ ಜ್ಞಾನವಿಲ್ಲ’ ಎಂದು ಅಚ್ಚಾಗಿದ್ದ ಕಾಗದಕ್ಕೆ ಸಹಿ ಹಾಕಿದೆ. ಹಾಕುವಾಗ ಏನೂ ಅನಿಸಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ...

ಇದನ್ನು ಹೇಳುತ್ತಿರುವುದು ನನ್ನ ತಪ್ಪನ್ನು ಸಣ್ಣದು ಮಾಡಲು ಅಲ್ಲ. ಆ ನಗು ನನ್ನೊಳಗೆ ಉಳಿದಿತ್ತು ಎಂಬುದು ನಿಜ, ಅದಕ್ಕೆ ಹೇಳಿದೆ.

ಎರಡನೆಯ ವರ್ಷ ಅವನಿಗೆ ಡೇಟಾ ಸ್ಟ್ರಕ್ಚರ್ ಎಂಬ ವಿಷಯ ಬಂತು. ಕಾಲೇಜು ಬಿಟ್ಟ ಮೇಲೆ ಅವನು ನಮ್ಮ ಅಂಗಡಿಗೆ ಬಂದು, ನನ್ನ ಕೆಲಸ ಮುಗಿಯುವವರೆಗೂ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿಗಳು ಕಡಿಮೆ. ಆಗ ಒಂದು ದಿನ, ಒಂದು ಪಾಠ ಬಾಯಲ್ಲಿ ಹೇಳಿ ಅಭ್ಯಾಸ ಮಾಡಬೇಕು, ನೀನು ಕೇಳಿಸಿಕೋ ಎಂದ.

ಪಾಠ ಇಷ್ಟು. ನಾವು ಒಂಬತ್ತು ಮೈನಸ್ ಮೂರು ಎಂದು ಬರೆಯುವಾಗ ಚಿಹ್ನೆ ಎರಡು ಅಂಕಿಗಳ ನಡುವೆ ಇರುತ್ತದೆ. ಅದಕ್ಕೆ ಇನ್‌ಫಿಕ್ಸ್ ಅನ್ನುತ್ತಾರೆ. ಒಂಬತ್ತು, ಮೂರು, ಆಮೇಲೆ ಮೈನಸ್ ಎಂದು ಚಿಹ್ನೆಯನ್ನು ಕೊನೆಯಲ್ಲಿ ಬರೆದರೆ ಪೋಸ್ಟ್‌ಫಿಕ್ಸ್. ಕಂಪ್ಯೂಟರಿಗೆ ಈ ಎರಡನೆಯದು ಸುಲಭ. ಯಾವುದನ್ನು ಮೊದಲು ಮಾಡಬೇಕೆಂದು ಅದು ಹಿಂದೆ ಮುಂದೆ ತಡಕಾಡಬೇಕಾಗಿಲ್ಲ, ಬ್ರಾಕೆಟ್ಟೂ ಬೇಕಾಗಿಲ್ಲ. ಮೊದಲನೆಯ ರೀತಿಯಲ್ಲಿರುವ ಲೆಕ್ಕವನ್ನು ಎರಡನೆಯ ರೀತಿಗೆ ತಿರುಗಿಸುವುದೇ ಪಾಠ.

“ಅವ್ವ ಹೆಂಗ ಮಾತಾಡ್ತಾಳ ಹೇಳು,” ಎಂದ. “ಒಂಬತ್ತರಾಗ ಮೂರು ತೆಗಿ ಅಂತಾಳ. ತೆಗಿಯಾದು ಕಡೀಕ ಬರತೈತಿ. ಅವ್ವ ಪೋಸ್ಟ್‌ಫಿಕ್ಸ್, ಅಕ್ಕಾ. ಸಾಲಿ ಮಾಸ್ತರ ಇನ್‌ಫಿಕ್ಸ್.”

ತಿರುಗಿಸುವಾಗ ಚಿಹ್ನೆಗಳನ್ನು ಸ್ವಲ್ಪ ಹೊತ್ತು ಒಂದು ಕಡೆ ಕಾಯಿಸಿಡಬೇಕು. ಆ ಜಾಗಕ್ಕೆ ಸ್ಟ್ಯಾಕ್ ಎಂದು ಹೆಸರು. ಅಲ್ಲಿ ಕೊನೆಗೆ ಹೋದದ್ದು ಮೊದಲು ಹೊರಗೆ ಬರುತ್ತದೆ. ಅದು ಹೇಗೆಂದು ನಾನು ಕೇಳಿದಾಗ ಅವನು ಕೈ ಚಾಚಿ ಗೋಡೆಯ ಸರಳು ಹುಡುಕಿದ. ನಮ್ಮ ಅಂಗಡಿಯಲ್ಲಿ ಬಳೆ ಏರಿಸುವ ಸರಳುಗಳ ಒಂದು ತುದಿ ಗೋಡೆಯಲ್ಲಿ ಹುಗಿದಿರುತ್ತದೆ, ಇನ್ನೊಂದು ತುದಿ ತೆರೆದಿರುತ್ತದೆ. ಕೊನೆಗೆ ಏರಿಸಿದ ಬಳೆಯನ್ನು ಮೊದಲು ತೆಗೆಯದೆ ಒಳಗಿನದು ಕೈಗೆ ಬಾರದು.

ಅಂದಿನಿಂದ ಒಂದು ಸರಳು ಖಾಲಿ ಮಾಡಿ ಅಲ್ಲೇ ಅಭ್ಯಾಸ. ಕೂಡುವ, ಕಳೆಯುವ ಚಿಹ್ನೆಗೆ ತೆಳ್ಳನೆಯ ಗಾಜಿನ ಬಳೆ. ಗುಣಿಸುವ, ಭಾಗಿಸುವ ಚಿಹ್ನೆಗೆ ದಪ್ಪ ಬಳೆ. ಅಕ್ಷರಗಳಿಗೆ ಹಣೆಬೊಟ್ಟಿನ ಚೀಟಿ. ಅಕ್ಷರ ಬಂದರೆ ನೇರ ಮೇಜಿನ ಮೇಲೆ ಸಾಲಾಗಿ ಇಡುವುದು, ಚಿಹ್ನೆ ಬಂದರೆ ಸರಳಿಗೆ ಏರಿಸುವುದು. ತೆಳುವಿನ ಮೇಲೆ ದಪ್ಪ ಕೂರಬಹುದು. ದಪ್ಪದ ಮೇಲೆ ತೆಳು ಬಂದರೆ ಮೊದಲು ದಪ್ಪವನ್ನು ಇಳಿಸಿ ಮೇಜಿನ ಸಾಲಿಗೆ ಸೇರಿಸಬೇಕು. ತೆಳುವಿನ ಮೇಲೆ ತೆಳು ಬಂದರೆ — ಎರಡೂ ಸಮ, ಆದರೂ ಮೊದಲು ಬಂದದ್ದನ್ನು ಮೊದಲು ಇಳಿಸಿಬಿಡಬೇಕು. ಅಕ್ಷರಗಳೆಲ್ಲ ಮುಗಿದ ಮೇಲೆ ಸರಳಿನಲ್ಲಿ ಉಳಿದದ್ದನ್ನೆಲ್ಲ ಹೊರಗಿನಿಂದ ಒಂದೊಂದಾಗಿ ಇಳಿಸಿದರೆ ಉತ್ತರ.

ಆ ಸಮ ಬಳೆಗಳ ನಿಯಮ ನನ್ನ ಕಿವಿಗೆ ಬಿತ್ತು, ಕೈಗೆ ಇಳಿಯಲಿಲ್ಲ. ಅಂಗಡಿಗೆ ಸೇರಿದ ದಿನ ಮಾಲೀಕರು ಕಲಿಸಿದ ಮೊದಲ ಪಾಠವೇ — ಒಂದೇ ನಮೂನೆಯವು ಒಂದೇ ಸರಳಿಗೆ, ಒಂದರ ಪಕ್ಕ ಒಂದು. ಹದಿನಾರನೆಯ ವಯಸ್ಸಿನಿಂದ ದಿನಾ ಹಾಗೆ ಏರಿಸಿದವಳು ನಾನು. ತೆಳುವಿನ ಮೇಲೆ ತೆಳು ಬಂದರೆ ನನ್ನ ಕೈ ತಾನಾಗಿ ಏರಿಸಿಬಿಡುತ್ತಿತ್ತು. ಪಂಪ ಬೆರಳಾಡಿಸಿ ನೋಡಿ ಹಿಡಿಯುತ್ತಿದ್ದ.

“ಎರಡೂ ಕುಂತಾವಲ್ಲ ಅಕ್ಕಾ ಇಲ್ಲಿ. ಅಂಗಡಿ ಪದ್ಧತಿ ನಡಿಯಂಗಿಲ್ಲ.”

“ಅಂಗಡ್ಯಾಗ ಕುಂತ್ಕೊಂಡ ಹೇಳ್ತೀಯಲ್ಲೋ.”

ನಗುತ್ತಿದ್ದೆವು. ಅವನೇ ಇಳಿಸುತ್ತಿದ್ದ, ಲೆಕ್ಕ ಮುಂದೆ ಹೋಗುತ್ತಿತ್ತು. ಅವನು ಎಷ್ಟು ಸಲ ಇಳಿಸಿದನೋ ಅಷ್ಟು ಸಲವೂ ನಾನು ಅದನ್ನು ಅವನ ಕೆಲಸ ಎಂದುಕೊಂಡೆ, ನಿಯಮ ಎಂದುಕೊಳ್ಳಲಿಲ್ಲ.

ಆದರೆ ಉಳಿದದ್ದೆಲ್ಲ ನನಗೆ ಬಂತು. ಬಂತು ಎಂದರೆ — ಹೇಗೆ ಹೇಳಲಿ. ಅಷ್ಟು ವರ್ಷ ಅವನ ಪಾಠಗಳನ್ನು ಓದಿದ್ದೆ, ಒಂದೂ ನನ್ನದಾಗಿರಲಿಲ್ಲ. ಇದು ಆಯಿತು. ಗಿರಾಕಿಯ ಕೈ ಒತ್ತಿ ಬಳೆ ತೊಡಿಸುವಾಗಲೂ ತಲೆಯಲ್ಲಿ ಎ, ಬಿ, ಸಿ ಸಾಲಾಗಿ ಇಳಿಯುತ್ತಿದ್ದವು. ಗಣಿತದಲ್ಲಿ ಫೇಲಾದವಳು ಬಿ.ಸಿ.ಎ. ಲೆಕ್ಕ ಮಾಡುತ್ತಿದ್ದೇನೆ ಎಂಬ ಖುಷಿಯನ್ನು ಯಾರಿಗೂ ಹೇಳುವಂತಿರಲಿಲ್ಲ. ಗೊತ್ತಿಲ್ಲವೆಂದು ಸಹಿ ಹಾಕಿದ್ದೆನಲ್ಲ.

ಪರೀಕ್ಷೆಯ ದಿನ ನಮಗೊಂದು ಬೇರೆ ಕೋಣೆ. ಮೇಲ್ವಿಚಾರಣೆಗೆ ಒಬ್ಬ ಮೇಡಂ. ಉತ್ತರ ಇಂಗ್ಲಿಷಿನಲ್ಲಿ. ಅವನು ಪದ ಹೇಳುತ್ತಾನೆ, ನನಗೆ ಬಾರದಿದ್ದರೆ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾನೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಇಬ್ಬರಿಗೂ ಸಾಕಾಗಿತ್ತು. ಒಂದು ಕಡೆ ನಾನು ಬರೆದದ್ದನ್ನು ಓದಿಸಿ, ಒಂದು ಪದವೇ ಬಿಟ್ಟುಹೋಗಿದೆ ಎಂದು ತಿಳಿದಾಗ ಅವನ ದನಿ ಬಿಗಿಯಾಯಿತು. ಇಷ್ಟೂ ಬರುವುದಿಲ್ಲವೇ ಎಂದ. ಮೇಡಂ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

ಕೊನೆಗೆ ಒಂದು ದೊಡ್ಡ ಪ್ರಶ್ನೆ ಉಳಿಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಎರಡನ್ನೂ ಓದಿದೆ. ಅವನು ದನಿ ತಗ್ಗಿಸಿ, ಸಮಾಧಾನದಿಂದ ಹೇಳಿದ:

“ಬಳಿ ಲೆಕ್ಕ ಮಾಡಾಣ ಅಕ್ಕಾ. ಅದರಾಗ ಸ್ಪೆಲಿಂಗ್ ಇಲ್ಲ. ನಿನಗ ಸುಲಭ ಆಕ್ಕತಿ.”

ಬಳೆಯ ಲೆಕ್ಕವನ್ನು ನನಗಾಗಿ ಆರಿಸಿಕೊಂಡ. ಇನ್ನೊಂದು ಪ್ರಶ್ನೆ ಅವನಿಗೆ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

ಲೆಕ್ಕ ಉದ್ದವಿತ್ತು. ನಾನು ಹಾಳು ಮಾಡಿದ ಭಾಗ ಇಷ್ಟೇ — ಎ ಮೈನಸ್ ಬಿ ಪ್ಲಸ್ ಸಿ ಇಂಟು ಡಿ. ಒಂದೊಂದು ಹೆಜ್ಜೆಗೂ ಒಂದು ಸಾಲು ಬರೆಯಬೇಕು: ಈಗ ಬಂದದ್ದು ಯಾವುದು, ಸ್ಟ್ಯಾಕಿನಲ್ಲಿ ಏನಿದೆ, ಹೊರಗೆ ಏನು ಬಂತು. ಪಂಪ ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತಾ ಹೋದ. ಮೊದಲ ಸಾಲುಗಳನ್ನು ಅವನು ಹೇಳಿದಂತೆಯೇ ಬರೆದೆ. ಆದರೆ ನನ್ನ ತಲೆ ಅವನಿಗಿಂತ ಮುಂದೆ ಓಡುತ್ತಿತ್ತು. ಅವನು ‘ಬಿ’ ಅನ್ನುವಷ್ಟರಲ್ಲಿ ನಾನು ಕೊನೆ ಮುಟ್ಟಿದ್ದೆ. ಕಾಯದೆ ಮುಂದಿನ ಸಾಲನ್ನು ನಾನೇ ಬರೆದುಬಿಟ್ಟೆ — ಮೈನಸ್ಸಿನ ಮೇಲೆ ಪ್ಲಸ್, ಎರಡೂ ಸ್ಟ್ಯಾಕಿನಲ್ಲಿ.

“ಪ್ಲಸ್ ಬಂತು,” ಎಂದ ಪಂಪ. “ಮೈನಸ್ ಇಳಿಸು. ಆಮ್ಯಾಲ ಪ್ಲಸ್ ಏರಿಸು.”

ಪೆನ್ನು ನಿಂತಿತು. ಅವನು ಹೇಳಿದ್ದು ಬೇರೆ, ನಾನು ಬರೆದದ್ದು ಬೇರೆ. ಆಗ ನನ್ನ ಸಾಲನ್ನು ಹೊಡೆದುಹಾಕಬಹುದಿತ್ತು. ಇನ್ನೊಮ್ಮೆ ಹೇಳು ಎನ್ನಬಹುದಿತ್ತು. ಸಮಯವಿತ್ತು. ದಣಿದು ತಪ್ಪು ಹೇಳುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದು ಪೂರ್ತಿ ನಿಜವಲ್ಲ. ಪೂರ್ತಿ ನಿಜ ಏನೆಂದರೆ, ಆ ಒಂದು ಉತ್ತರ ನನ್ನದಾಗಬೇಕೆಂದು ಆಸೆಯಾಯಿತು. ಯಾರಿಗೂ ತಿಳಿಯದಿದ್ದರೂ, ಹತ್ತು ಅಂಕದ ಒಂದು ಉತ್ತರದಲ್ಲಿ ನಾನು ಪಾಸಾಗಬೇಕು...

ಮುಂದಿನ ಸಾಲುಗಳನ್ನೆಲ್ಲ ಹಾಗೆಯೇ ಬರೆದೆ. ಅವನು ಹೇಳುತ್ತಾ ಹೋದ, ನಾನು ನನ್ನದನ್ನು ಬರೆಯುತ್ತಾ ಹೋದೆ. ಅವನ ಕೊನೆಯ ಉತ್ತರ: ಎ, ಬಿ, ಮೈನಸ್, ಸಿ, ಡಿ, ಇಂಟು, ಪ್ಲಸ್. ನನ್ನದು: ಎ, ಬಿ, ಸಿ, ಡಿ, ಇಂಟು, ಪ್ಲಸ್, ಮೈನಸ್.

“ಓದು,” ಎಂದ.

ಅವನು ಹೇಳಿದ್ದನ್ನೇ ಓದಿದೆ. ಒಂದು ಸಾಲೂ ತಪ್ಪದೆ, ನೆನಪಿನಿಂದ. ಕಣ್ಣು ಮಾತ್ರ ನಾನು ಬರೆದದ್ದರ ಮೇಲಿತ್ತು. ಅವನು ಬೆನ್ನು ಸಡಿಲ ಮಾಡಿ ಕುರ್ಚಿಗೆ ಒರಗಿದ.

ವಾರದ ಮೇಲೆ ಅಂಗಡಿಯಲ್ಲಿ ಮಾಲೀಕರು ಒಳಗಿನ ಕಪಾಟಿನಲ್ಲಿ ಎಷ್ಟು ಪೆಟ್ಟಿಗೆ ಇವೆ ಎಂದು ಕೇಳಿದರು. ಒಂಬತ್ತಿದ್ದವು, ಮೂರು ಕಂಪ್ಲಿಯ ಅಂಗಡಿಗೆ ಹೋದವು, ಎರಡು ಹೊಸದಾಗಿ ಬಂದವು. ಎಂಟು ಎಂದೆ. ಹೇಳಿದ ಮೇಲೆ ಪರೀಕ್ಷೆಯ ಲೆಕ್ಕ ನೆನಪಾಯಿತು. ಒಂಬತ್ತು ಮೈನಸ್ ಮೂರು ಪ್ಲಸ್ ಎರಡು. ನಾನು ಪರೀಕ್ಷೆಯಲ್ಲಿ ಬರೆದಂತೆ ಮಾಡಿದರೆ ಮೊದಲು ಮೂರು ಮತ್ತು ಎರಡು ಕೂಡಬೇಕು, ಆ ಐದನ್ನು ಒಂಬತ್ತರಲ್ಲಿ ಕಳೆಯಬೇಕು. ಆಗ ನಾಲ್ಕು. ಕಪಾಟಿಗೆ ಹೋಗಿ ಎಣಿಸಿದೆ. ಎಂಟು ಪೆಟ್ಟಿಗೆಗಳಿದ್ದವು. ಸಮ ಚಿಹ್ನೆಗಳು ಬಂದರೆ ಮೊದಲು ಬಂದದ್ದನ್ನು ಯಾಕೆ ಮೊದಲು ಇಳಿಸಬೇಕು ಎಂಬುದು ನನಗೆ ಆಗ ಅರ್ಥವಾಯಿತು.

ಅಂದು ಮನೆಗೆ ಹೋಗಿ ಹೇಳಬಹುದಿತ್ತು. ಫಲಿತಾಂಶ ಇನ್ನೂ ಬಂದಿರಲಿಲ್ಲ. ಹೇಳಲಿಲ್ಲ. ಹೇಗೋ ಪಾಸಾಗುತ್ತಾನೆ ಎಂದುಕೊಂಡೆ.

ಮೂರು ಅಂಕಕ್ಕೆ ಫೇಲಾದ.  ಆ ಹತ್ತು ಅಂಕದ ಲೆಕ್ಕದಿಂದಲೇ ಪಾಸಾಗುತ್ತೇನೆ ಎಂದು ಅವನು ಊರಿಗೆಲ್ಲ ಹೇಳಿದ್ದ. ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದ. ಆ ಪ್ರಶ್ನೆಗೆ ಹತ್ತಕ್ಕೆ ಎರಡು ಬಂದಿತ್ತು. ನನ್ನ ಮುಂದೆ ಹಿಡಿದು, ಆ ಪುಟ ಓದು ಎಂದ. ನಾನು ತಪ್ಪು ಬರೆದಿದ್ದ ಸಾಲಿಗೆ ಸುತ್ತು ಎಳೆದಿದ್ದರು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇತ್ತು, ಬರೆದವರು ಯಾಕೆ ಹೀಗೆ ಬರೆದರು ಎಂದು ನಿಜವಾಗಿ ಕೇಳುವ ಹಾಗೆ.

ಮತ್ತೆ ಅವನು ಹೇಳಿದ್ದನ್ನೇ ಓದಿದೆ. ಏನಾದರೂ ಗುರುತು ಹಾಕಿದ್ದಾರೆಯೇ ಎಂದು ಕೇಳಿದ. ಇಲ್ಲ ಎಂದೆ.

ಅವನು ಕಾಗದವನ್ನು ಮಡಿಸಿ ನನಗೆ ಕೊಟ್ಟ. ಆಮೇಲೆ ಹೇಳಿದ: “ಸರಿ ಐತಿ. ಎಲ್ಲಾ ಸರಿ ಐತಿ. ಕುರುಡನ ಪೇಪರ್ ಅಂತ ನೋಡೇ ಇಲ್ಲ ಅವರು.”

ಅವನ ಮೇಷ್ಟ್ರೊಬ್ಬರು ಫೋನ್ ಮಾಡಿ, ಜೆರಾಕ್ಸ್ ತೆಗೆದುಕೊಂಡು ಬಾ, ನೋಡೋಣ ಎಂದರು. ಹೋಗಲೇ ಎಂದು ಪಂಪ ನನ್ನನ್ನು ಕೇಳಿದ. ಹೋಗಿ ಏನಾಗುತ್ತದೆ, ಸುಮ್ಮನೆ ಅವರ ಮುಂದೆ ಸಣ್ಣವನಾಗುತ್ತೀಯ ಎಂದೆ. ಹೌದು, ಹಾಗೆ ಹೇಳಿದೆ. ಅವನು ಹೋಗಲಿಲ್ಲ. ಮತ್ತೆ ಆ ಪರೀಕ್ಷೆಗೆ ಕೂರಲೂ ಇಲ್ಲ. ಸರಿ ಬರೆದರೂ ಇಲ್ಲವೆಂದ ಮೇಲೆ ಇನ್ನೇನು ಬರೆಯಲಿ ಎಂದ. ಕಾಲೇಜು ಬಿಟ್ಟ. ಅವ್ವ ಎರಡು ದಿನ ಊಟ ಮಾಡಲಿಲ್ಲ. ನಾನು ಅವಳನ್ನೂ ಸಮಾಧಾನ ಮಾಡಿದೆ.

ಈಗ ಪಂಪ ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ಫೋನ್ ನೋಡಿಕೊಳ್ಳುತ್ತಾನೆ. ಹಂಪಿ ನೋಡಲು ಬಂದವರು ಏನು ಕೇಳಿದರೂ ಥಟ್ಟನೆ ಹೇಳುತ್ತಾನೆ. ಸಂಡೂರಿಗೆ, ಟಿ.ಬಿ. ಡ್ಯಾಂಗೆ ಹೋಗುವ ಬಸ್ಸುಗಳ ಹೊತ್ತೆಲ್ಲ ಬಾಯಿಪಾಠ. ಒಳ್ಳೆಯ ಹೆಸರಿದೆ. ನಾನು ಮದುವೆಯಾಗಿ ತವರಿನ ಓಣಿಯಲ್ಲೇ ಇದ್ದೇನೆ. ಅವನಿಗೆ ಬಂದ ಕಾಗದಪತ್ರಗಳನ್ನು ಮೊನ್ನೆಮೊನ್ನೆಯವರೆಗೂ ನಾನೇ ಓದಿ ಹೇಳುತ್ತಿದ್ದೆ. ಈಗಿನ ಫೋನುಗಳು ಕೈಬರಹವನ್ನೂ ಓದುತ್ತವಂತೆ. ಆ ಹಳೆಯ ಜೆರಾಕ್ಸನ್ನು ಅವನು ಒಮ್ಮೆಯೂ ಫೋನಿಗೆ ತೋರಿಸಲಿಲ್ಲ. ಅಕ್ಕ ಓದಿಯಾಗಿತ್ತಲ್ಲ.

ಹೀಗೇ ನಡೆದುಹೋಗುತ್ತಿತ್ತೇನೋ. ಈ ವರ್ಷ ಬೇಸಿಗೆಯ ಒಂದು ಭಾನುವಾರ ಕಂಪ್ಲಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮನ್ನು ಹುಡುಕಿ ಬಂದಳು. ಮಗಳ ಹೆಸರು ಕಾವ್ಯ. ಅವಳಿಗೂ ಕಾಣುವುದಿಲ್ಲ. ಪಿಯುಸಿ ಚೆನ್ನಾಗಿ ಪಾಸಾಗಿದ್ದಳು, ಬಿ.ಸಿ.ಎ.ಗೆ ಸೇರಬೇಕೆಂದಿದ್ದಳು. ಹೊಸಪೇಟೆಯಲ್ಲಿ ಕಣ್ಣಿಲ್ಲದ ಒಬ್ಬರು ಅದನ್ನು ಓದಿದ್ದಾರೆ ಎಂದು ಯಾರೋ ಹೇಳಿದ್ದರಂತೆ. ಸೇರಿಸಬಹುದೋ ಬೇಡವೋ, ನೀವು ಹೇಳಿದಂತೆ ಮಾಡುತ್ತೇವೆ ಎಂದಳು ತಾಯಿ.

ಪಂಪ ಅವರನ್ನು ಕೂರಿಸಿ, ಕಂಪ್ಯೂಟರು ಹೇಗೆ ಓದಿ ಹೇಳುತ್ತದೆ, ಏನೇನು ಕಲಿಯಬಹುದು ಎಲ್ಲ ಹೇಳಿದ. ಕೊನೆಗೆ, ಅದೇ ಶಾಂತ ದನಿಯಲ್ಲಿ, ಸೇರಬೇಡ ಎಂದ. ನೀನು ಎಷ್ಟು ಸರಿ ಬರೆದರೂ ನಮ್ಮಂಥವರ ಪೇಪರನ್ನು ಅವರು ತೆರೆದು ನೋಡುವುದಿಲ್ಲ, ಸುಮ್ಮನೆ ಮೂರು ವರ್ಷ ಹಾಳು ಎಂದ.

ಹುಡುಗಿ ಕೇಳಿದಳು: “ಎಲ್ಲಾ ಸರಿ ಬರೆದಿದ್ರೂ ನೋಡಂಗಿಲ್ಲೇನ್ರಿ ಅಣ್ಣಾ? ನಮ್ಮ ತಂಗಿ ಬರದು ಕೊಡ್ತೀನಿ ಅಂದಾಳ. ಒಂಬತ್ತನೇತ್ತ ಓದತಾಳ.”

“ತಂಗಿ ಬರದ್ರ ಆ ಕಡೆ ಚಿಂತಿಲ್ಲವ್ವಾ,” ಎಂದ ಪಂಪ. “ನಂಗೂ ನಮ್ಮಕ್ಕ ಬರದಿದ್ಲು. ನಾ ಹೇಳಿದ್ದರಾಗ ಒಂದು ಅಕ್ಷರ ಬಿಟ್ಟಿಲ್ಲ ಆಕಿ. ಆದ್ರೂ ಹಿಂಗಾತು ನೋಡು.”

ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆ ಹುಡುಗಿಯ ಮುಖ — ಅವಳು ತಲೆಯಾಡಿಸಿದಳು, ಅಷ್ಟೇ.  ನನ್ನ ಸುಳ್ಳು ಎಂಟು ವರ್ಷ ಒಬ್ಬನ ಮೇಲೆ ಕುಳಿತಿತ್ತು. ಈಗ ಇನ್ನೊಬ್ಬಳ ಮೇಲೆ ಹತ್ತುತ್ತಿರುವುದನ್ನು ನಾನು ಕಣ್ಣಾರೆ ನೋಡಿದೆ.

ಅವರನ್ನು ಕಂಪ್ಲಿ ಬಸ್ಸಿಗೆ ಹತ್ತಿಸಿ ಬರಲು ನಾನೇ ಹೋದೆ. ದಾರಿಯಲ್ಲಿ ಹೇಳಬೇಕೆಂದುಕೊಂಡೆ. ಬಸ್ಸು ಬರುವವರೆಗೂ ಅಂದುಕೊಳ್ಳುತ್ತಲೇ ಇದ್ದೆ. ತಾಯಿಯ ಫೋನ್ ನಂಬರ್ ಮಾತ್ರ ಬರೆಸಿಕೊಂಡೆ. ಬಸ್ಸು ಹೋಯಿತು. ಆದರೆ ಇದನ್ನು ಮೊದಲು ಕೇಳಿಸಿಕೊಳ್ಳಬೇಕಾದವನು ಪಂಪ — ಅದು ನಡೆದು ಬರುವಾಗ ಗೊತ್ತಾಯಿತು.

ಪಂಪ ಮಂಚದ ಮೇಲೆ ಕುಳಿತು ಫೋನಿನಲ್ಲಿ ಸುದ್ದಿ ಕೇಳುತ್ತಿದ್ದ. ಕಪಾಟಿನ ತಳದಿಂದ ಜೆರಾಕ್ಸ್ ತೆಗೆದೆ. ಎದುರಿಗೆ ಕುಳಿತು, ನಿನ್ನ ಪೇಪರ್ ಓದುತ್ತೇನೆ ಎಂದೆ. ಅದನ್ನು ಇನ್ನೂ ಇಟ್ಟಿದ್ದೀಯಾ ಎಂದು ನಕ್ಕ. ಫೋನ್ ಬಂದ್ ಮಾಡಿದ.

ಈ ಸಲ ಕಾಗದದ ಮೇಲೆ ಇದ್ದದ್ದನ್ನು ಓದಿದೆ. ಮೊದಲ ಸಾಲುಗಳಿಗೆ ಅವನ ತುಟಿಗಳೂ ನನ್ನ ಜೊತೆ ಆಡುತ್ತಿದ್ದವು. ಅವನು ಏನೂ ಮರೆತಿರಲಿಲ್ಲ. ಆ ಸಾಲಿಗೆ ಬಂದಾಗ ಅವನ ತುಟಿ ಬೇರೆ ಆಡಿತು. ನಿಂತಿತು.

“ಇನ್ನೊಮ್ಮೆ ಓದು.”

ಓದಿದೆ.

“ಮೈನಸ್ ಇಳಿಸಿಲ್ಲೇನು ಅಲ್ಲಿ?”

“ಇಳಿಸಿಲ್ಲ.”

ಅವನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ, ಹೆದರಿದವನಂತೆ ಕೇಳಿದ: “ನಾ ಹಂಗ ಹೇಳಿದ್ನೇನು, ಅಕ್ಕಾ?”

ಆಗಲೂ — ಇದನ್ನು ಬರೆಯಲೇಬೇಕು — ಆಗಲೂ ಹೌದು ಎಂದುಬಿಡಬಹುದು ಎಂದು ಒಂದು ಕ್ಷಣ ಅನಿಸಿತು. ಅವನು ನಂಬುತ್ತಿದ್ದ. ತನ್ನದೇ ತಪ್ಪು ಎಂದುಕೊಂಡು ಸುಮ್ಮನಾಗುತ್ತಿದ್ದ.

“ಇಲ್ಲ,” ಎಂದೆ. “ನೀ ಸರಿ ಹೇಳಿದ್ದಿ. ನಾ ನಂದು ಬರದೆ.”

ಅವನು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ಅಂಕಪಟ್ಟಿ, ಗುಮಾಸ್ತರು, ನಗು, ಎಲ್ಲ ಬಾಯಲ್ಲಿತ್ತು. ಕೇಳದೇ ಇದ್ದದ್ದು ಒಳ್ಳೆಯದಾಯಿತು. ಗುರುತು ಇದೆಯೇ ಎಂದಷ್ಟೇ ಕೇಳಿದ. ಇದೆ, ಆ ಸಾಲಿಗೇ ಸುತ್ತು ಎಳೆದಿದ್ದಾರೆ ಎಂದೆ. ಸರಿಯಾಗಿ ಆ ಸಾಲಿಗೇ? ಆ ಸಾಲಿಗೇ.

“ಹಂಗಾದ್ರ ಅವರು ನೋಡಿದ್ರು,” ಎಂದ.

ಅಷ್ಟು ಹೇಳಿ ಎದ್ದು, ಕೋಲು ತೆಗೆದುಕೊಂಡು ಹೊರಗೆ ಹೋದ. ಓಣಿಯ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. ಒಳಗೆ ಬಂದು ಆ ಹುಡುಗಿಯ ನಂಬರ್ ಇದೆಯೇ ಎಂದು ಕೇಳಿದ. ನಾನು ಹೇಳಿದೆ, ಅವನೇ ಒತ್ತಿದ. ಅವರು ಕಂಪ್ಲಿಯಲ್ಲಿ ಆಗತಾನೇ ಬಸ್ ಇಳಿದಿದ್ದರು. ತಾನು ಹೇಳಿದ್ದು ತಪ್ಪು, ಪೇಪರನ್ನು ಒಂದೊಂದು ಸಾಲೂ ನೋಡುತ್ತಾರೆ, ಕಾವ್ಯಳನ್ನು ಕಾಲೇಜಿಗೆ ಸೇರಿಸಿ ಎಂದ. ಹೇಗೆ ಗೊತ್ತಾಯಿತು ಎಂದು ಅವರು ಕೇಳಿರಬೇಕು.  ಅವನು ನನ್ನ ಹೆಸರು ಹೇಳಲಿಲ್ಲ. ಆಗಲೂ ನನ್ನನ್ನು ಕಾಪಾಡುತ್ತಿದ್ದಾನೆ ಎಂದು ತಿಳಿದು, ಅವನ ಕೈಯಿಂದ ಫೋನ್ ತೆಗೆದುಕೊಂಡೆ. ತಪ್ಪು ಬರೆದವಳು ನಾನು ಎಂದು ಹೇಳಿದೆ. ಹುಡುಗಿಯೇ ಮಾತಾಡಿದಳು. ಹಾಗಾದರೆ ತನ್ನ ತಂಗಿ ಬರೆಯುವುದು ಬೇಡವೇ ಎಂದಳು. ಅವಳೇ ಬರೆಯಲಿ, ನೀನು ಹೇಳಿದ್ದನ್ನಷ್ಟೇ ಬರೆಯಬೇಕೆಂದು ಮೊದಲೇ ಹೇಳಿರು ಎಂದೆ.

ಇದಾಗಿ ಕೆಲವು ತಿಂಗಳಾಗಿವೆ. ಕಾವ್ಯ ಕಾಲೇಜಿಗೆ ಸೇರಿದ್ದಾಳೆ. ಪಂಪನಿಗೆ ಆ ಪರೀಕ್ಷೆ ಬರೆಯುವ ಅವಧಿ ಮುಗಿದುಹೋಗಿದೆ, ವಿಚಾರಿಸಿದೆ. ಮನೆಗೆ ಕಾಗದ ಬಂದರೆ ಅವನು ಈಗ ಫೋನಿನ ಮುಂದೆ ಹಿಡಿಯುತ್ತಾನೆ, ನನ್ನನ್ನು ಕರೆಯುವುದಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ಮಾತಾಡುತ್ತಾನೆ. ಕ್ಷಮಿಸಿದ್ದಾನೋ ಇಲ್ಲವೋ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ ಎಂದು ಕೇಳಿಲ್ಲ.

ಆ ಭಾನುವಾರ ಫೋನ್ ಇಟ್ಟ ಮೇಲೆ ನಾವಿಬ್ಬರೇ ಇದ್ದೆವು. ನಡೆದದ್ದನ್ನು ಹೇಳಿದ್ದೆ, ಓದಿದ್ದೆ, ಕಂಪ್ಲಿಯವರಿಗೂ ತಿಳಿಸಿದ್ದೆ. ಅವನಿಗೆ ಹೇಳಬೇಕಾದ ಮಾತನ್ನು ಇನ್ನೂ ಹೇಳಿರಲಿಲ್ಲ. ಅವನು ಕಾಯುತ್ತಿದ್ದನೋ ಇಲ್ಲವೋ, ಮುಖ ನನ್ನ ಕಡೆಗಿತ್ತು. ಅವನ ಹತ್ತಿರ ಹೋಗಿ ನೆಲದ ಮೇಲೆ ಕುಳಿತೆ.

“ತಪ್ಪಾತು, ಪಂಪಾ,” ಎಂದೆ. “ನಿನ್ನ ಮುಂದ ಕುಂತು ನಿನಗ ಮೋಸ ಮಾಡಿದೆ. ನಂದ ತಪ್ಪು.”